ದೇವಮ್ಮನ ಹದಿನಾಲ್ಕನೇ ಚೀಲ

ಚಿಕಲಠಾಣಾ,
ಛತ್ರಪತಿ ಸಂಭಾಜಿನಗರ
೨೪ ನವೆಂಬರ್ ೨೦೨೫

ಪ್ರೀತಿಯ ತಂಗಿ ಕಸ್ತೂರಿಗೆ,

ಅಣ್ಣ ವಿಶ್ವನಾಥಪ್ಪನ ನೆನಪುಗಳು. ನಿನ್ನ ಮೂರು ಪತ್ರ ಬಂದು ಕೂತಿವೆ, ಒಂದಕ್ಕೂ ಉತ್ತರ ಹೋಗಿಲ್ಲ. ಸಿಟ್ಟಾಗಬೇಡ ಅಂತ ಬರೆಯಲು ಹೊರಟಿದ್ದೆ. ಬೇಡ, ಪೂರ್ತಿ ಓದಿದ ಮೇಲೆ ಆಗು, ಆಗ ಸಿಟ್ಟಿಗೆ ಕಾರಣವೂ ಸಿಗುತ್ತದೆ.

ಫೋನ್ ಯಾಕೆ ಎತ್ತುವುದಿಲ್ಲ ಅಂತ ಕೇಳಿದ್ದೀ. ಫೋನಿನಲ್ಲಿ ಮಾತಾಡಿದರೆ ನಾನು ಗೆದ್ದುಬಿಡುತ್ತೇನೆ, ಕಸ್ತೂರಿ. ಭಾಲ್ಕಿಯಿಂದ ಒಂದು ಜೊತೆ ಬಟ್ಟೆಯಲ್ಲಿ ಬಂದವನು ಪರವೂರಿನಲ್ಲಿ ಕಾರ್ಖಾನೆ ಹಾಕಿದ್ದು ಬಾಯಿಯ ಬಲದ ಮೇಲೆ. ಕಾಗದದ ಮೇಲೆ ನನ್ನ ಬಾಯಿ ಅಷ್ಟು ಓಡುವುದಿಲ್ಲ. ಅದಕ್ಕೇ ಕಾಗದ.

ಮನೆಯಲ್ಲಿ ಎಲ್ಲರೂ ಆರಾಮ. ಮಗ ಅಮರ ಕಾರ್ಖಾನೆ ನೋಡಿಕೊಳ್ಳುತ್ತಾನೆ. ಸೊಸೆ ವಿಭಾ ದೀಪಾವಳಿಗೆ ನಾಸಿಕದ ತವರಿಗೆ ಹೋಗಿ ಬಂದಳು. ಮೊಮ್ಮಗಳು ಮಂಜುಶ್ರೀಗೆ ನೀನು ಕಳಿಸಿದ ಕನ್ನಡ ಅಕ್ಷರದ ಕಾರ್ಡುಗಳು ಮುಟ್ಟಿವೆ. ಗೋಡೆ ತುಂಬ ಅಂಟಿಸಿಕೊಂಡಿದ್ದಾಳೆ. ಮನೆಯಲ್ಲಿ ನಾವಾಡುವ ಕನ್ನಡ ಅವಳಿಗೆ ತಿಳಿಯುತ್ತದೆ, ಬಾಯಿ ತೆಗೆದರೆ ಮರಾಠಿ. ಕಾರ್ಡು ಗೋಡೆಗೆ ಚೆಂದ ಅಷ್ಟೇ ಅಂತ ನಾನು ನಕ್ಕಿದ್ದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. "ಅಣ್ಣಾ, ಎರಡನೇ ಸಲದ ನೂರಾ ನಲವತ್ತು ಚೀಲ ತುಂಬಿ ಕಟ್ಟಿಟ್ಟೇವಿ. ಲಾರಿ ಯಾವಾಗ ಕಳಸ್ತೀ?"

ಕಳಿಸುವುದಿಲ್ಲ.

ಎರಡು ವರ್ಷದ ಹಿಂದೆ ಬೇಲೆಕೇರಿಗೆ ಬಂದಿದ್ದೆನಲ್ಲ, ನಿನ್ನ ನಿವೃತ್ತಿಯ ಸಮಾರಂಭಕ್ಕೆ. ನಿನ್ನ ಸಂಜೆಶಾಲೆಯ ಹೆಂಗಸರು ಮೀನು ಮಾರಿ ಬಂದು, ದಂಡೆಯ ಮೇಲೆ ಬಗ್ಗಿ ಬಗ್ಗಿ ಬಾಟಲಿ, ಹರಿದ ಬಲೆ, ಚಪ್ಪಲಿ ಹೆಕ್ಕುತ್ತಿದ್ದರು. ಹೆಕ್ಕಿದ್ದನ್ನು ಒಯ್ಯುವವರಿಲ್ಲ, ಮುಂದಿನ ಉಬ್ಬರಕ್ಕೆ ಎಲ್ಲ ತಿರುಗಿ ನೀರಿಗೇ ಅಂತ ನೀನು ಹೇಳಿದೆ. ನಿನ್ನ ಅಣ್ಣನ ಕೈಗೆ ಯಾರೋ ಮೈಕು ಕೊಟ್ಟರು. ಅದೇ ತಪ್ಪಾಯಿತು. "ನಿಮ್ಮ ಸಮುದ್ರದ ಕಸ ನನಗ ಕೊಡ್ರಿ, ಕುರ್ಚಿ ಮಾಡಿ ವಾಪಸ್ ಕಳಸ್ತೀನಿ. ನಿಮ್ಮ ಕಸದ ಮ್ಯಾಲ ನೀವೇ ರಾಣಿಯರಂಗ ಕೂಡ್ರಿ!" ಅಂದೆ. ಎಷ್ಟು ಚಪ್ಪಾಳೆ! ದೇವಮ್ಮ ಹರಿಕಂತ್ರ ತನ್ನ ಮುಡಿಯ ಅಬ್ಬಲಿಗೆ ದಂಡೆಯನ್ನೇ ಬಿಚ್ಚಿ ನನ್ನ ಕೈಗಿತ್ತಳು.

ನೂರಾ ಹನ್ನೆರಡು ಚೀಲ ಬಂದವು. ನಮ್ಮದು ಹಳೇ ಪ್ಲಾಸ್ಟಿಕ್ಕನ್ನು ಅರೆದು, ಕರಗಿಸಿ ಕಾಳು ಮಾಡುವ ಕೆಲಸ. ಮೊದಲ ಮೂರು ಚೀಲಕ್ಕೇ ಮರಳು ಸಿಕ್ಕು ಅರೆಯುವ ಬ್ಲೇಡುಗಳು ಮೊಂಡಾದವು. ತೊಳೆದು ಹಾಕಬೇಕು ಅಂದ ಅಮರ. ಎಲ್ಲಿಯ ನೀರಿನಿಂದ? ನಮ್ಮ ಓಣಿಗೆ ನಲ್ಲಿ ಬರುವುದೇ ವಾರಕ್ಕೊಮ್ಮೆ. ಸಮುದ್ರದ ಉಪ್ಪು ತೊಳೆಯಲು ಕುಡಿಯುವ ನೀರು ಸುರಿದರೆ ನೆರೆಯವರು ನನ್ನನ್ನೇ ತೊಳೆದಾರು. ನಾಸಿಕದಲ್ಲಿ ಇದೇ ಕಸುಬಿನ ದತ್ತು ಇದ್ದಾನೆ, ಅವನಿಗೆ ಒಂದು ಚೀಲ ತೋರಿಸಿದೆ. ಒಂದು ತುಂಡು ಮೂಸಿ, "ಕಾಕಾ, ಇದಕ್ಕ ಮಾವಿನಕಾಯಿ ಹಾಕ್ರಿ, ಉಪ್ಪಿನಕಾಯಿ ಆಗ್ತದ. ಮಷೀನಿಗೆ ಬ್ಯಾಡ್ರಿ," ಎಂದು ನಕ್ಕ.

ಆಗಲೇ ನಿನಗೆ ಹೇಳಬೇಕಿತ್ತು, "ಆಗಲಿಲ್ಲವ್ವಾ" ಅಂತ. ಆದರೆ ಚಪ್ಪಾಳೆ ಕಿವಿಯಲ್ಲಿತ್ತಲ್ಲ. ದತ್ತುವಿನ ಬಳಿಯಿಂದ ಬರುವಾಗ ನಾಸಿಕದ ಅಂಗಡಿಯಲ್ಲಿ ಹನ್ನೆರಡು ನೀಲಿ ಕುರ್ಚಿ ಕೊಂಡೆ. ಅಡಿಯ ಲೇಬಲ್ಲನ್ನು ಅಡುಗೆಮನೆಯ ಚಾಕುವಿನಿಂದ ಕೆರೆದು ತೆಗೆದು ನಿಮಗೆ ಕಳಿಸಿದೆ. ಹೌದು, ಅವೇ ಕುರ್ಚಿ. ದೇವಮ್ಮ ತನ್ನ ಕುರ್ಚಿಯನ್ನು ಸೆರಗಿನಿಂದ ಒರೆಸಿಯೇ ಕೂರುತ್ತಾಳೆ, "ನಾ ಹೆಕ್ಕಿದ್ ಕಸದ ಮೇಲೆ ನಾನೇ ಕೂತ್ಕಂಡೆ" ಅಂತ ಬಂದವರಿಗೆಲ್ಲ ಹೇಳುತ್ತಾಳೆ ಎಂದು ನೀನು ಬರೆದಿದ್ದೆ. ಆ ಪತ್ರ ನನ್ನ ಕಪಾಟಿನಲ್ಲಿದೆ. ಎರಡನೇ ಸಲ ಓದಿಲ್ಲ.

ಚೀಲಗಳನ್ನು ಒಬ್ಬ ಟ್ರ್ಯಾಕ್ಟರಿನವನಿಗೆ ಒಪ್ಪಿಸಿದೆ, ಎಲ್ಲಿಗೆ ಒಯ್ದನೋ ನಾನು ಕೇಳಲಿಲ್ಲ. ಈ ಸಾಲು ಸುಳ್ಳು, ಹೊಡೆದು ಹಾಕುವುದಿಲ್ಲ, ಹಾಗೇ ಇರಲಿ, ನೋಡು. ಬೆಳಗಿನ ಆರಕ್ಕೆ ನಾನೇ ಟ್ರ್ಯಾಕ್ಟರಿನ ಮೇಲೆ ಕೂತಿದ್ದೆ. "ಇಲ್ಲೇ" ಅಂತ ಕೈ ತೋರಿಸಿದವನೂ ನಾನೇ. ನಮ್ಮ ಹಿಂದಿನ ಸುಖನಾ ಹೊಳೆ, ಬೇಸಿಗೆಯಲ್ಲಿ ಬರೀ ಕೊಚ್ಚೆ. ಆದರೆ ಮಳೆ ಬಂದರೆ ಅದಕ್ಕೂ ಕಾಲು ಬರುತ್ತವೆ. ಅದರ ನೀರು ಕೊನೆಗೆ ಮುಟ್ಟುವುದು ಗೋದಾವರಿಗೆ, ಗೋದಾವರಿ ಮುಟ್ಟುವುದು ಸಮುದ್ರಕ್ಕೆ. ನಿನ್ನ ಹೆಂಗಸರು ಪಡುವಣ ಸಮುದ್ರದಿಂದ ಬೆನ್ನು ಮುರಿದು ತೆಗೆದದ್ದನ್ನು ನಾನು ಮೂಡಣ ಸಮುದ್ರದ ದಾರಿಗೆ ಹಚ್ಚಿದೆ. ನಮ್ಮ ಮನೆತನದಲ್ಲಿ ಇಷ್ಟು ದೊಡ್ಡ ಸಾಗಾಟ ಯಾರೂ ಮಾಡಿರಲಿಕ್ಕಿಲ್ಲ.

ಹೋದ ಭಾನುವಾರಕ್ಕೆ ಹಿಂದಿನ ಭಾನುವಾರ ನಮ್ಮ ಕಾಲನಿಯವರು ಹೊಳೆ ಸ್ವಚ್ಛ ಮಾಡಲು ಇಳಿದರು. ಮುಂದಾಳು ಎದುರುಮನೆಯ ಮಂದಾಕಿನಿಬಾಯಿ, ನಿನ್ನಂತೆಯೇ ನಿವೃತ್ತ ಮಾಸ್ತರಬಾಯಿ, ನಿನ್ನಂತೆಯೇ ಯಾರನ್ನೂ ಬಿಡುವವರಲ್ಲ. ವಿಭಾ, ಮಂಜುಶ್ರೀ ಕೈಗವಸು ತೊಟ್ಟು ಹೋದರು. ನಾನು ದಂಡೆಯ ಮೇಲೆ ಚಹಾ ಹಂಚುವ ದೊಡ್ಡಮನುಷ್ಯ. ಅಷ್ಟರಲ್ಲಿ ಕೆಸರಿನಿಂದ ಚೀಲಗಳು ಏಳತೊಡಗಿದವು. ಒಂದು, ಎರಡು, ಹತ್ತು. ಪ್ರತಿ ಚೀಲದ ಬಾಯಿಗೆ ಹಾಲಿನ ಪ್ಯಾಕೀಟು, ಅದರೊಳಗೆ ಹೊಲಿದಿಟ್ಟ ಚೀಟಿ. ನಿನ್ನ ಸಂಜೆಶಾಲೆಯಲ್ಲಿ ಕಲಿತು ಅವರು ಮೊದಲ ಸಲ ಬರೆದ ತಮ್ಮ ಹೆಸರು.

ಮಂದಾಕಿನಿಬಾಯಿ ಒಂದು ಚೀಟಿ ಹಿಡಿದುಕೊಂಡು ನೇರ ನನ್ನ ಹತ್ತಿರವೇ ಬಂದರು. ಕಾಲನಿಗೆ ಒಬ್ಬನೇ ಕನ್ನಡದವನಲ್ಲವೇ ನಾನು, ಅಮರನಿಗೂ ಓದಲು ಬರದು.

"ವಿಶ್ವನಾಥರಾವ್, ಇದು ನಿಮ್ಮ ಭಾಷೆ. ಓದಿ ಹೇಳಿ, ಯಾವ ಕಳ್ಳ ಇಲ್ಲಿ ತಂದು ಸುರಿದಿದ್ದಾನೆ ನೋಡೋಣ," ಎಂದರು ಮರಾಠಿಯಲ್ಲಿ.

ಕನ್ನಡಕ ಏರಿಸಿದೆ. ಕೋಲು ಕೋಲಾದ ಅಕ್ಷರ: "ದೇವಮ್ಮ ಹರಿಕಂತ್ರ. ಚೀಲ ೧೪." ನಾಲಿಗೆ ತಡವರಿಸಲಿಲ್ಲ. "ಕಾಂದೇ ಆಹೇತ್, ಬಾಯಿ. ಯಾರೋ ಈರುಳ್ಳಿ ವ್ಯಾಪಾರಿಯ ಚೀಟಿ. ಬೀದರ ಕಡೆಯಿಂದ ವೈಜಾಪುರದ ಮಾರ್ಕೆಟ್ಟಿಗೆ ಬಂದ ಚೀಲ ಇರಬೇಕು," ಅಂದೆ.

"ಈರುಳ್ಳಿ ಚೀಲದಾಗ ಮೀನಿನ ಬಲೆ?" ಅಂದರು ಅವರು.

"ವ್ಯಾಪಾರಿಗಳು ಚೀಲ ತಿರುಗಾ ಮುರುಗಾ ಬಳಸ್ತಾರ್ರಿ," ಅಂದೆ. ಅವರು ನಂಬಿದರು. ಇಪ್ಪತ್ತೆಂಟು ವರ್ಷದ ನೆರೆ, ಯಾಕೆ ನಂಬಬಾರದು?

ಅಂದಿನಿಂದ ದಿನಾ ಬೆಳಗ್ಗೆ ಹೊಳೆಗೆ ಇಳಿಯುತ್ತಿದ್ದೇನೆ. "ಪಪ್ಪಾಗ ಈ ವಯಸ್ಸಿನಾಗ ಸಮಾಜಸೇವೆ ಹಿಡೀತು," ಎಂದು ಅಮರ ನಗುತ್ತಾನೆ. ಅರವತ್ತೊಂದು ಚೀಲ ಸಿಕ್ಕಿವೆ. ಮೂರು ಅರೆದದ್ದು, ಒಂದು ದತ್ತುವಿಗೆ ತೋರಿಸಿದ್ದು. ಉಳಿದ ನಲವತ್ತೇಳು ಚೀಲ ಎರಡು ಮಳೆಗಾಲದಲ್ಲಿ ಹೋಗಿವೆ, ಯಾರೂ ತರಲಾರರು.

ಈ ಪತ್ರ ಡಬ್ಬಿಗೆ ಹಾಕಿ ನೇರವಾಗಿ ಮಂದಾಕಿನಿಬಾಯಿಯ ಮನೆಗೆ ಹೋಗುತ್ತೇನೆ. ಅವರು ಏನಾದರೂ ಅನ್ನಲಿ. ನೀನು ಇದನ್ನು ಸಂಜೆಶಾಲೆಯಲ್ಲಿ ಗಟ್ಟಿಯಾಗಿ ಓದು, ಆ ಕುರ್ಚಿಗಳ ಮೇಲೆ ಅವರು ಕೂತಿರುವಾಗಲೇ ಓದು. ನಾನು ಬಂದು ಹೇಳಿದರೆ ಮತ್ತೆ ಚಪ್ಪಾಳೆ ಹೊಡೆಸಿಕೊಂಡೇನು, ನನ್ನ ಮೇಲೆ ನನಗೇ ಭರವಸೆ ಇಲ್ಲ. ನೂರಾ ನಲವತ್ತು ಚೀಲವನ್ನು ತೊಳೆದು ತೆಗೆದುಕೊಳ್ಳುವ ಜಾಗ ನಿಮ್ಮ ಹತ್ತಿರದಲ್ಲೇ ಸಿಗುವವರೆಗೆ ಗುಡಿಯ ಹಿಂದಿನ ಎತ್ತರದಲ್ಲಿ ಇಡಿಸು. ನೀರಿನ ಬಳಿ ಬೇಡ.

ಹಿರಿಯನಾಗಿ ಆಶೀರ್ವಾದ ಬರೆಯಬೇಕು. ನಿನ್ನ ಹೆಂಗಸರ ಸೊಂಟ ಗಟ್ಟಿ ಇರಲಿ, ನಿನ್ನ ದಂಡೆ ಹಸನಾಗಿರಲಿ. ನನ್ನಂಥವರ ಮಾತು ಅವರ ಕಿವಿಗೆ ಇನ್ನೊಮ್ಮೆ ಬೀಳದಿರಲಿ.

ನಿನ್ನ ಅಣ್ಣ,
ವಿಶ್ವನಾಥಪ್ಪ

ತಾ.ಕ.: ಒಂದನ್ನು ಮೇಲೆ ಬರೆಯಲು ಆಗಲಿಲ್ಲ. ನಾನು ಈರುಳ್ಳಿ ಅಂದಾಗ ಮಂಜುಶ್ರೀ ಪಕ್ಕದಲ್ಲೇ ನಿಂತಿದ್ದಳು. ಚೀಟಿಯನ್ನೇ ನೋಡುತ್ತ ತುಟಿ ಅಲುಗಿಸುತ್ತಿದ್ದಳು, ಒಂದೊಂದೇ ಅಕ್ಷರಕ್ಕೆ. ಮಂದಾಕಿನಿಬಾಯಿ ಅವಳ ಗಲ್ಲ ಹಿಡಿದು, "ಅಜ್ಜ ಸರಿ ಓದಿದರೇನೇ?" ಎಂದು ತಮಾಷೆಗೆ ಕೇಳಿದರು. ಅವಳು ನನ್ನ ಮುಖ ನೋಡಿದಳು. ಆಮೇಲೆ, "ಹೋ, ಕಾಂದೇಚ್," ಅಂದಳು. ಹೌದು, ಈರುಳ್ಳಿಯೇ.

ಮರುದಿನ ನನ್ನ ಕನ್ನಡಕದ ಡಬ್ಬಿಯಲ್ಲಿ ಅದೇ ಚೀಟಿ ಇತ್ತು. ಹಿಂಬದಿಗೆ ಪೆನ್ಸಿಲ್ಲಿನಲ್ಲಿ, ನಿನ್ನ ಕಾರ್ಡು ನೋಡಿ ನೋಡಿ ಬರೆದಿದ್ದಾಳೆ: "ಅಜ್ಜಾ, ನಾ ಯಾರಿಗೂ ಹೇಳಂಗಿಲ್ಲ." ನನ್ನ ಮೊಮ್ಮಗಳು ಬರೆದ ಮೊದಲ ಕನ್ನಡ ಸಾಲು ಇದು.

ಚೀಟಿ ಈ ಲಕೋಟೆಯಲ್ಲಿದೆ. ದೇವಮ್ಮನಿಗೆ ಎರಡೂ ಬದಿ ತೋರಿಸು.