ಕಾಣದ ಬೆಂಕಿಗೆ ಪೊರಕೆ ಹಿಡಿಸಿದವರಿಗೆ

ಬಂದರಿನ ಸುರಕ್ಷತಾ ಮುಖ್ಯಾಧಿಕಾರಿಗಳೇ,

ಮಾನ್ಯರೇ ಎನ್ನಲು ನಾಲಿಗೆ ಏಳುತ್ತಿಲ್ಲ. ರಿಬ್ಬನ್ ಕತ್ತರಿಸಿ "ಹೊಗೆಯಿಲ್ಲದ ಹಡಗು" ಎಂದು ನೀವು ಕೊಂಡಾಡಿದಿರಲ್ಲ, ಅದರ ಎಂಜಿನ್ ಕೋಣೆಯಲ್ಲಿ ನನ್ನ ಅಣ್ಣ ಹೊಗೆಯಿಲ್ಲದೆಯೇ ಸುಟ್ಟು ಸತ್ತ. ಅದೇ ಹಡಗು ಸೋಮವಾರ ಮತ್ತೆ ಹೊರಡಲು ಅಪ್ಪಣೆ ಕೊಟ್ಟಿದ್ದೀರಿ. ಈ ಸಲ ಆ ಕೋಣೆಗೆ ಇಳಿಯುವವರು ಅಣ್ಣನ ಜೊತೆ ಅಲ್ಲೇ ದುಡಿಯುತ್ತಿದ್ದ ನನ್ನ ಸೋದರಮಾವ.

ಆ ಹಡಗಿಗೆ ನೀವು ತುಂಬಿಸುವ ಮೆಥನಾಲ್ ಇಂಧನದ ಶತ್ರು ನಾನಲ್ಲ. ಹಳೆಯ ಹಡಗೆಣ್ಣೆಯ ಮಸಿ ನಮ್ಮ ಬೀದಿಯಲ್ಲಿ ಒಣಹಾಕಿದ ಬಟ್ಟೆಯ ಮೇಲೂ ಮಕ್ಕಳ ಎದೆಯೊಳಗೂ ಕೂರುತ್ತದೆ. ಶುದ್ಧ ಇಂಧನ ಬೇಕೆಂದು ಬಂದರಿನ ಬಾಗಿಲಲ್ಲಿ ಕರಪತ್ರ ಹಂಚಿ ನಿಮ್ಮ ಕಾವಲುಗಾರರ ಲಾಠಿ ತಿಂದವನು ನಾನೇ. ಆದರೆ ಮೆಥನಾಲ್ ಹೊತ್ತಿಕೊಂಡರೆ ಹೊಗೆ ಏಳುವುದಿಲ್ಲ, ಬೆಳಕಿನಲ್ಲಿ ಜ್ವಾಲೆ ಕಣ್ಣಿಗೆ ಬೀಳುವುದಿಲ್ಲ. ಬೀದಿಯ ಕರಪತ್ರಕ್ಕೆ ಗೊತ್ತಿದ್ದ ಈ ಮಾತು ನಿಮ್ಮ ಕಚೇರಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದರೆ ಡೀಸೆಲ್ ಎಂಜಿನ್ನಿನ ಹುಡುಗರನ್ನು ಒಂದು ದಿನವೂ ಕಲಿಸದೆ ಒಳಗೆ ತಳ್ಳಿದ್ದೇಕೆ?

ಹೊಗೆ ಕಂಡರಷ್ಟೇ ಬೆಂಕಿ ಎಂದು ನಂಬಿ ಬೆಳೆದವನು ಅಣ್ಣ. ಕೊಳವೆಯ ಬೆಸುಗೆ ಬಿಟ್ಟು ನೆಲ ಒದ್ದೆಯಾಗಿತ್ತು. "ನೀರು ಸೋರಿದೆ ಅಷ್ಟೆ ಮಾವ. ನೀನು ಬಂದು ಜಾರಿಬಿದ್ದು ಸೊಂಟ ಮುರ್ಕೋಬೇಡ, ಅತ್ತೆ ನನ್ನನ್ನ ಬೈತಾಳೆ" ಎಂದು ನಗುತ್ತ ಒಳಗೆ ಕಾಲಿಟ್ಟ. ಸೋರಿದ್ದು ಮೆಥನಾಲ್, ಅದಾಗಲೇ ಉರಿಯುತ್ತಿತ್ತು; ಕಣ್ಣಿಗೆ ಮಾತ್ರ ಏನೂ ಕಾಣುತ್ತಿರಲಿಲ್ಲ. ಅಂಗಿ ತಾನಾಗಿಯೇ ಕಪ್ಪಾಯಿತು, ಕೂದಲು ಸುರುಟಿತು, ಮುಖದ ಚರ್ಮ ಸುಲಿದು ಇಳಿಯಿತು. ಎಳೆದುಕೊಳ್ಳಲು ಹೋದ ಮಾವನ ಅಂಗೈ ಅಣ್ಣನ ತೋಳಿಗೇ ಅಂಟಿಕೊಂಡಿತು. ನಿಮ್ಮ ಭಾಷಣದಲ್ಲಿ ಇದಕ್ಕೆ ಏನೆನ್ನುತ್ತೀರಿ? ಹಸಿರು ಇಂಧನದ ಕ್ರಾಂತಿಯೇ?

ಈಗ ಕೆಲಸಗಾರರು ಉದ್ದನೆಯ ಪೊರಕೆ ಮುಂದೆ ಚಾಚಿಕೊಂಡು ನಡೆಯುತ್ತಾರೆ. ಕಡ್ಡಿ ಹೊತ್ತಿಕೊಂಡರೆ ಎದುರಿಗೆ ಬೆಂಕಿಯಿದೆ ಎಂದು ಲೆಕ್ಕ. ಶಾಖ ಗುರುತಿಸುವ ಕ್ಯಾಮೆರಾ ಕೇಳಲು ಬಂದ ಮಾವನಿಗೆ ನಿಮ್ಮ ತಪಾಸಣಾಧಿಕಾರಿ ನಗುತ್ತ ಕೊಟ್ಟ ಉತ್ತರ: "ಪೊರಕೆ ಚೆನ್ನಾಗೇ ಕೆಲಸ ಮಾಡ್ತಿದೆಯಲ್ರೀ, ಒಂದಕ್ಕೆರಡು ಇಟ್ಕೊಳ್ಳಿ."

ಆ ನಗುವಿನ ಮೇಲೆ ಆ ಕಾಣದ ಬೆಂಕಿಯನ್ನೇ ಸುರಿಯಬೇಕೆಂದು ನನ್ನ ಕೈ ತುರಿಸುತ್ತದೆ. ಸುರಿಯುವುದಿಲ್ಲ, ಏಕೆಂದರೆ ಅದು ಹೇಗೆ ಸುಡುತ್ತದೆಂದು ನಮ್ಮ ಮನೆಗೆ ಗೊತ್ತು.

ನನ್ನ ಬೇಡಿಕೆ ಇಷ್ಟೇ. ಕ್ಯಾಮೆರಾ, ಈ ಬೆಂಕಿ ನಂದಿಸಲು ತಕ್ಕ ನೊರೆ, ಕೆಲಸಗಾರರಿಗೆ ತರಬೇತಿ. ಇವು ಬರುವ ತನಕ ಹಡಗಿನ ಹಗ್ಗ ಬಿಚ್ಚಬೇಡಿ. ಬಿಚ್ಚಿಯೇ ತೀರುವುದಾದರೆ ಸೋಮವಾರ ಬನ್ನಿ. ಮಾವನ ಅಂಗೈ ಇನ್ನೂ ಮಡಚಲು ಬರುವುದಿಲ್ಲ. ಪೊರಕೆಯನ್ನು ನೀವು ಹಿಡಿದು ಮುಂದೆ ನಡೆಯಿರಿ.

ಇಂತಿ,
ಮನೆಯ ಪೊರಕೆಯನ್ನೂ ಮಾವನ ಚೀಲಕ್ಕೆ ಕಟ್ಟಿಕೊಟ್ಟಿರುವ,
ಅಣ್ಣನಿಲ್ಲದ ತಮ್ಮ