ಮೊದಲ ಅಳತೆಗೆ ಲಾಭ

ಜೂನ್ ೧೪, ಶನಿವಾರ

ಮೂರು ವರ್ಷ ತುಂಬಿದರೂ ಮಗಳು ಜಾಹ್ನವಿ ಇವತ್ತೂ ಮಾತಾಡಲಿಲ್ಲ. ಮನೆಯಲ್ಲಿ ಇಂಗ್ಲಿಷ್ ಒಂದೇ ಇರಲಿ ಎಂದು ಡಾಕ್ಟರ್ ಹೇಳಿದ ಮೇಲೆ ಅವಳೊಡನೆ ಕನ್ನಡ ಬಿಟ್ಟಿದ್ದೇನೆ. ಅದಕ್ಕೂ ಫಲವಿಲ್ಲ.

ಮಧ್ಯಾಹ್ನ ನನ್ನ ಗಂಡ ನಂದನ್ ನಮ್ಮಿಬ್ಬರನ್ನೂ ಮ್ಯೂಸಿಯಮ್ಮಿಗೆ ಕರೆದೊಯ್ದ. ಅಲ್ಲಿ ಹಳೇ ಕಾಲದ ಕಿರಾಣಿ ಅಂಗಡಿಯೊಂದನ್ನು ಇದ್ದ ಹಾಗೇ ಕಟ್ಟಿಟ್ಟಿದ್ದಾರೆ. ಸೀಮೆಎಣ್ಣೆ ಡಬ್ಬ, ಸೋಪಿನ ಉದ್ದನೆಯ ಬಾರ್, ಮೆಕ್ಕೆಜೋಳದ ಮೂಟೆ. ಅಂಗಡಿಯವನ ವೇಷದಲ್ಲಿದ್ದ ಮುದುಕ ಈ ದೇಶದ ಭಾಷೆಯಲ್ಲಿ "ಕರಿಬು, ಕರಿಬು" ಎಂದು ಸ್ವಾಗತಿಸಿ ಅಳತೆಯ ಡಬ್ಬಿಯನ್ನು ನನ್ನ ಕೈಗೇ ಕೊಟ್ಟ. ಜಾಹ್ನವಿ ಚೀಲ ಹಿಡಿದಳು. ಊರಲ್ಲಿ ರಾಗಿ ಅಳೆಯುವಾಗ ಅಜ್ಜಿ ಒಂದು ಎನ್ನುತ್ತಿರಲಿಲ್ಲ, ಲಾಭ ಎನ್ನುತ್ತಿದ್ದಳು. ಮೆಕ್ಕೆಜೋಳ ಅಳೆದು ಸುರಿಯುವಾಗ ನನ್ನ ಬಾಯಿಗೂ ಅದೇ ಬಂತು. "ಲಾಭ, ಎರಡು, ಮೂರು..."

ಮಗು ನನ್ನ ತುಟಿಯನ್ನೇ ನೋಡಿತು. ಅದರ ತುಟಿಯೂ ಅಲ್ಲಾಡಿತು.

"ಒನ್ ಅನ್ನೋಕೆ ಏನೇ ಕಷ್ಟ ನಿಂಗೆ? ಪಾಪ, ಅವಳನ್ನ ಕನ್‌ಫ್ಯೂಸ್ ಮಾಡ್ತೀಯ," ಎಂದ ನಂದನ್.

ಸುರಿದದ್ದನ್ನೆಲ್ಲ ಮೂಟೆಗೆ ಹಾಕಿ, ಒನ್, ಟೂ ಎಂದು ಮತ್ತೆ ಅಳೆದೆ. ಅವಳು ಚೀಲ ಬಿಟ್ಟು ಬಾಗಿಲ ಕಡೆ ತಿರುಗಿದಳು.

ಈಗ ಮಲಗಿದ್ದಾಳೆ. ಕಿವಿಯ ಹತ್ತಿರ ಒಂದೇ ಸಲ ಲಾಭ ಅನ್ನೋಣವೆಂದು ಬಗ್ಗಿದೆ. ಡಾಕ್ಟರ್ ಹೇಳಿದ್ದೇ ಸರಿಯಾಗಿದ್ದರೆ? ಬಾಯಿ ಮುಚ್ಚಿಕೊಂಡು ಎದ್ದು ಬಂದೆ. ಈ ಮನೆಯಲ್ಲಿ ಈಗ ಮಾತು ಬಾರದವರು ಇಬ್ಬರು.