ಲೋಕಪಾವನಿ ದಡದ ಕಪ್ಪೆತಿಗಣೆ

ಅಬ್ಬಾ,

ಕ್ಷೇಮ ಕೇಳಿಯೇ ಪತ್ರ ಶುರು ಮಾಡಬೇಕೆಂದು ಕಲಿಸಿದವರು ನೀವು. ಈಗ ಏನೆಂದು ಕೇಳಲಿ?

ನೀವು ನಿವೃತ್ತರಾದ ವರ್ಷದ ಆ ಸಂಜೆ ನೆನಪಿದೆಯಾ? ಕರಿಘಟ್ಟದ ಕೆಳಗೆ, ಲೋಕಪಾವನಿ ಕಾವೇರಿಗೆ ಸೇರುವಲ್ಲಿಂದ ಒಂದು ಮಣ್ಣಿನ ಹೆಂಟೆ ತಂದು ಅಂಗೈ ಚಾಚಿದಿರಿ. ಹೆಂಟೆಗೆ ಎರಡು ಉಬ್ಬುಗಣ್ಣುಗಳಿದ್ದವು. ಅದು ಎಗರಿತು. ನಾನು ಕಪ್ಪೆಮರಿ ಎಂದೆ.

"ಕಪ್ಪೆ ಅಲ್ಲ ಕಣಮ್ಮ, ತಿಗಣೆ ಜಾತಿ. ಮೂತೀಲಿ ಸೂಜಿ ಐತೆ ನೋಡು. ಮೀಸೆ ಕಣ್ಣಿನ ಕೆಳಗೆ ಬಚ್ಚಿಟ್ಕಂಡದೆ. ಅಂಗಾದ್ರೆ ಇದು ನೀರುತಿಗಣೆ ವಂಶ. ದಡಕ್ಕೆ ಬಂದು ಮಣ್ಣಾಗ್ಬುಟ್ಟದೆ" ಎಂದಿರಿ.

ಪಾಂಡವಪುರದ ಕಾಲೇಜಿನಲ್ಲಿ ಅಟೆಂಡರಾಗಿ ಪ್ರಾಣಿಶಾಸ್ತ್ರದ ಜಾಡಿಗಳನ್ನು ಒರೆಸುತ್ತಾ ನೀವು ಕಲಿತದ್ದು ಅದು. ಎಂ.ಎಸ್ಸಿ. ಮಾಡಿದ ನಾನು ಮೀಸೆ ಹುಡುಕಲೂ ಇಲ್ಲ.

ಮಾರನೇ ವಾರ ಅಂಥವೇ ಮೂರನ್ನು ಸ್ಪಿರಿಟ್ಟಿನ ಸೀಸೆಯಲ್ಲಿ ಹಾಕಿಕೊಟ್ಟು, ಕೀಟತಜ್ಞರಿಗೆ ಕಳಿಸು ಎಂದಿರಿ. ಅಟೆಂಡರ್ ಅಪ್ಪ ಹಿಡಿದ ಹುಳವೆಂದು ಬರೆಯಲು ನಾಚಿಕೆಯಾಯಿತು. ಸೀಸೆಯನ್ನು ಹೊಣಕೆರೆಯಲ್ಲಿ ನಾನು ಪಾಠ ಮಾಡುವ ಶಾಲೆಯ ಬೀರುವಿನಲ್ಲಿಟ್ಟೆ. ನೀವು ಮೂರನೇ ಸಲ ಕೇಳಿದಾಗ ಸುಳ್ಳು ಹೇಳಿದೆ: ಉತ್ತರ ಬಂದಿದೆ, ಅದು ಯಾವುದೋ ಸಾಮಾನ್ಯ ಹುಳದ ಮರಿಯಂತೆ. ನೀವೆಂದಿರಿ: "ಓದಿದೋರು ಹೇಳವ್ರೆ ಅಂದ್ರೆ ಸರಿನೇ ಇರ್ತದೆ. ಬಲಿತದ್ದು ಸಿಕ್ಕಿಲ್ಲ ಅನ್ಸುತ್ತೆ. ಇನ್ನೊಂದ್ಸಲ ನೋಡ್ತೀನಿ."

ಆಮೇಲೆ ಪ್ರತಿ ಭಾನುವಾರ ನೀವು ಆ ದಡದಲ್ಲೇ...

ಕೊನೆಯ ಭಾನುವಾರ ನಿಮ್ಮನ್ನು ಮೊದಲು ಕಂಡದ್ದು ಮೀನು ಹಿಡಿಯುವ ಪುಟ್ಟಸ್ವಾಮಿ. ಬಂಡೆಗೊರಗಿ ಕೂತಿದ್ದಿರಂತೆ, ಕಣ್ಣು ತೆರೆದೇ ಇತ್ತಂತೆ. ಎರಡು ಸಲ ಕೂಗಿದನಂತೆ. "ಸಾಬ್ರು ಏನೋ ನೋಡ್ತಾ ಕುಂತವ್ರೆ ಅನ್ಕಂಡೆ ಕಣವ್ವ. ತೋಳು ಮುಟ್ದೆ. ತೋಳ್ ಮ್ಯಾಲಿದ್ದ ಮಣ್ಣೆಲ್ಲ ಎಗ್ರೋಯ್ತು" ಎಂದ. ಎಷ್ಟು ಹೊತ್ತು ಕೂತಿದ್ದಿರಿ ಅಬ್ಬಾ, ಅವು ನಿಮ್ಮನ್ನೂ ದಡವೆಂದೇ ತಿಳಿಯುವಷ್ಟು?

ನಿಮ್ಮ ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮೇಲೆ, ಒಂದು ಮಧ್ಯಾಹ್ನ ನಾನೂ ಅಲ್ಲಿ ಹೋಗಿ ಕೂತೆ. ಹೊಳೆಗೆ ಸದ್ದೇ ಇರಲಿಲ್ಲ. ಯಾರೋ ನೋಡುತ್ತಿದ್ದಾರೆ ಅನ್ನಿಸಿ ತಿರುಗಿದೆ, ಯಾರೂ ಇಲ್ಲ. ಕಾಲ ಬಳಿ ಮಣ್ಣಿನಲ್ಲಿ ಒಂದು ಜೊತೆ ಕಣ್ಣು. ಪಕ್ಕದಲ್ಲಿ ಇನ್ನೊಂದು. ಎಣಿಸಲು ನೋಡಿದೆ, ಎಣಿಸಿದ್ದು ಮತ್ತೆ ಮಣ್ಣಾಗುತ್ತಿತ್ತು. ಒಂದು ನನ್ನ ಪಾದದ ಮೇಲೆ ಬಂದು ಕೂತು, ಅಲ್ಲಾಡಲಿಲ್ಲ. ನನಗೂ ಅಲ್ಲಾಡಲು ಆಗಲಿಲ್ಲ. ಕೊನೆಗೆ ಬಾಯಿಬಿಟ್ಟು ಹೇಳಿದೆ: "ಅಬ್ಬಾ, ನಾನು ಕಳಿಸ್ಲೇ ಇಲ್ಲ." ಸುತ್ತಲಿನ ದಡವೆಲ್ಲ ಒಮ್ಮೆಲೇ ಎಗರಿ, ಮತ್ತೆ ನಿಶ್ಚಲವಾಯಿತು.

ಮಾರನೇ ದಿನವೇ, ಹಿಡಿದವರು ನನ್ನ ತಂದೆ ಎಂದು ನಿಮ್ಮ ಹೆಸರು ಬರೆದು, ಆ ಸೀಸೆಯನ್ನು ಕೀಟತಜ್ಞರಿಗೆ ಕಳಿಸಿದೆ. ತಿಂಗಳಾದ ಮೇಲೆ ತಜ್ಞೆ ಫೋನ್ ಮಾಡಿದರು. ನೀವಂದಂತೆ ಅದು ತಿಗಣೆ ಜಾತಿಯೇ, ಹೆಸರು ಕಪ್ಪೆತಿಗಣೆ. ಮರಿಯಲ್ಲ, ಚೆನ್ನಾಗಿ ಬಲಿತದ್ದು. ಆ ಕುಟುಂಬದಲ್ಲಿ ಕುಲಗಳು ಬೆರಳೆಣಿಕೆ, ನಮ್ಮ ಕಡೆಯದು ಒಂದೇ ಎಂದರು. ಪಳೆಯುಳಿಕೆಗಳಂತೂ ತೀರಾ ಅಪರೂಪವಂತೆ. ಬರ್ಮಾದಲ್ಲಿ ಕಲ್ಲಾದ ಮರದಂಟಿನೊಳಗೆ ಸಿಕ್ಕಿದ ಒಂದರ ಫೋಟೋ ಕಳಿಸಿದರು. ಸುಮಾರು ಹತ್ತು ಕೋಟಿ ವರ್ಷ ಹಳೆಯದಂತೆ. ಅದೇ ಉಬ್ಬುಗಣ್ಣು, ಬೇಟೆಗೆ ಮಡಿಚಿಟ್ಟ ಅದೇ ಮುಂಗಾಲು. ಮನುಷ್ಯರೇ ಇಲ್ಲದ ದಡದಲ್ಲಿ ಅದು ಯಾರನ್ನು ನೋಡುತ್ತಾ ಕೂತಿತ್ತು? ನಾನು ಫೋನನ್ನು ಮಗುಚಿಟ್ಟೆ.

"ನಿಮ್ಮ ತಂದೆಯವರ ಜೊತೆ ಆ ದಡ ನೋಡಬೇಕು, ಯಾವಾಗ ಬರಲಿ?" ಎಂದು ಆಮೇಲೆ ತಜ್ಞೆ ಕೇಳಿದರು. ನೀವಿಲ್ಲವೆಂದು ಹೇಳಿದೆ. ನನ್ನ ಸುಳ್ಳನ್ನೂ ಹೇಳಿದೆ. ಮೀಸೆ, ಸೂಜಿ, ನೀರುತಿಗಣೆ ವಂಶ, ನೀವಂದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಅಮ್ಮಿಗಿನ್ನೂ ಹೇಳಿಲ್ಲ, ಇವತ್ತು ಹೇಳುತ್ತೇನೆ.

ನಿನ್ನೆ ಅವರು ಆ ಮಾದರಿಗೆ ಅಂಟಿಸಿದ ಚೀಟಿಯ ಚಿತ್ರ ಬಂತು. ಸಂಗ್ರಹಿಸಿದವರು ಎಂಬಲ್ಲಿ ನಿಮ್ಮ ಹೆಸರಿದೆ. ಗುರುತಿಸಿದವರು ಎಂಬಲ್ಲಿ ತಮ್ಮ ಹೆಸರು ಹಾಕಲು ಅವರು ಒಪ್ಪಲಿಲ್ಲ. ಅಲ್ಲಿಯೂ ನಿಮ್ಮದೇ ಹೆಸರು, ಅಬ್ಬಾ.